ಲಕ್ಕಿಯ ಪರವಾಗಿ ಹಿಡಿದ ವೀಳ್ಯ

ಬಾಡ, ಫೆಬ್ರವರಿ ೧೧, ಬುಧವಾರ ರಾತ್ರಿ

ಯುದ್ಧದಲ್ಲಿರುವ ದೇಶವೊಂದು ಭಾರತವನ್ನು ತನ್ನ ಕಡೆ ಒಲಿಸಿಕೊಳ್ಳುವ ಮೊದಲು ನನ್ನ ಒಪ್ಪಿಗೆ ಕೇಳಿತು. ಓಂ ಬೀಚಿನಲ್ಲಿ ಉಳಿದಿದ್ದ ಆ ದೇಶದ ಸ್ನೇಹ ಸಂಘದವರು ಮನೆಗೇ ಬಂದು, ತೀರಿಹೋದ ನನ್ನ ಹೆಂಡತಿ ಲಕ್ಕಿಯ ಮದುವೆ ಹಾಡಿನ ಕ್ಯಾಸೆಟ್ ಬೇಕೆಂದರು. ಕರೆಯಲು ಬಂದವರು ಎಲೆಯಡಿಕೆಯ ಮೇಲೆ ದುಡ್ಡಿಟ್ಟು ಕೊಡುವ ವೀಳ್ಯ ಹಿಡಿಯದೆ ಲಕ್ಕಿ ಎಂದೂ ಹಾಡಿದವಳಲ್ಲ. ಹಿಡಿದ ಮೇಲೆ, ಕೊಟ್ಟವರು ಸಾಕೆನ್ನದೆ ನಿಲ್ಲಿಸಿದವಳೂ ಅಲ್ಲ. ಅವಳ ಪರವಾಗಿ ನಾನೇ ವೀಳ್ಯ ಹಿಡಿದೆ.

ಇವತ್ತು ತಂಗಿಯ ಮಗಳು ಅಂಕಿತಾ ಮೊಬೈಲಿನಲ್ಲಿ ಆ ದೇಶದವರ ವಿಡಿಯೊ ತೋರಿಸಿದಳು. ಟ್ಯಾಂಕುಗಳು ಸಾಲಾಗಿ ಹೋಗುತ್ತಿವೆ. ಇದು ನ್ಯಾಯದ ಯುದ್ಧ, ನೀವೂ ಬನ್ನಿ ಎಂದು ಲಕ್ಕಿ ಕನ್ನಡದಲ್ಲೇ ಹಾಡುತ್ತಿದ್ದಾಳೆ. ಕ್ಯಾಸೆಟ್ಟಿನಲ್ಲಿ ಆ ಮಾತೇ ಇರಲಿಲ್ಲ. ದನಿಯೂ ಉಸಿರು ಎಳೆಯುವುದೂ ಮಾತ್ರ ಅವಳವೇ.

"ಅತ್ತೆ ಇದ್ನ ಯಾವಾಗ ಹಾಡಿದ್ದು, ಮಾವ?"

"ಎಂತ ಕೇಳ್ತೆ? ಬಂದ್ ಮಾಡು."

"ನಾ ಮಾಡ್ದೆ, ಆತು. ಊರವ್ರ ಮೊಬೈಲೆಲ್ಲ ಯಾರು ಬಂದ್ ಮಾಡೂದು?"

ವೀಳ್ಯ ಹಿಂದೆ ಕೊಟ್ಟರೆ ಅವಳು ನಿಲ್ಲಿಸಿಯಾಳೆಂದು ಓಂ ಬೀಚಿಗೆ ಓಡಿದೆ. ಅವರು ಹೋಗಿ ವಾರವಾಗಿದೆಯಂತೆ.

ಈಗ ಪಕ್ಕದ ಮನೆಯಲ್ಲಿ ಹಾಡುತ್ತಿದ್ದಾಳೆ. ಅವಳಿಗೆ ಸಾಕು ಎನ್ನುವವರು ಯಾರೂ ಇಲ್ಲ. ಐವತ್ತು ಸಾವಿರ ಸಿಕ್ಕಿತೆಂದು ಊರಿಗೆಲ್ಲ ಹೇಳಿದ್ದೇನೆ. ವೀಳ್ಯದಲ್ಲಿ ಇದ್ದದ್ದು ನೂರಾ ಒಂದು ರೂಪಾಯಿ. ಇವತ್ತು ರಿಕ್ಷಾಕ್ಕೆ ಕಳೆದದ್ದು ಒಂಬೈನೂರು.