ಉಬ್ಬಿದ ಚೌಕ

ಜೂನ್ 9, ಬೆಳಿಗ್ಗೆ
ಚಹಾ ಆಯಿತು. ಹಳದೀಪುರದ ಶಾಲೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ. ಮಳೆಗಾಲ, ಮೀನು ಬೋಟುಗಳಿಗೆ ಆಗಸ್ಟ್‌ವರೆಗೆ ರಜೆ. ಜಗಲಿಯಲ್ಲಿ ಅತ್ತೆ ಬಲೆ ತೂಗುಹಾಕಿ ಹರಿದಲ್ಲಿ ಕಟ್ಟುತ್ತಿದ್ದಾರೆ. ಒಂದು ಕಡೆ ನಾಲ್ಕೈದು ಚೌಕ ದೊಡ್ಡವಾಗಿವೆ ಎಂದೆ.
"ನಾ ಕಟ್ಟಿದ್ದಾ?" ಬೆರಳು ಹಾಕಿ ಅಳೆದು ತೋರಿಸಿದರು. ಎಲ್ಲ ಒಂದೇ. "ಮದುವೆ ಆದಾಗಿಂದ ಕಟ್ತೆ. ಒಂದ್ ಮೀನೂ ದೂರು ಹೇಳ್ಲಿಲ್ಲ. ನೀ ಟೀಚರು, ತಪ್ಪು ಹುಡುಕೂದೇ ಕೆಲಸ."

ಜೂನ್ 12
ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಚಿಕ್ಕಂದಿನಿಂದ ಮಂದ; ಅದಕ್ಕೆ ಬಲೆ ಮಬ್ಬು, ಆದರೆ ಸಮ. ಎಡಗಣ್ಣಿಗೆ — ಓದು, ಬರಹ ಎಲ್ಲ ಇದರಲ್ಲೇ — ನಟ್ಟನಡುವೆ ಉಬ್ಬು. ಮೀನೊಂದು ಆಚೆಯಿಂದ ಮೂತಿ ಒತ್ತಿದ ಹಾಗೆ. ದೃಷ್ಟಿ ಸರಿಸಿದರೆ ಅದೂ ಸರಿಯುತ್ತದೆ. ಹೆದರಬೇಕಿತ್ತು. ಸುಮಾರು ಹೊತ್ತು ಆಡಿಸಿದೆ.

ಜೂನ್ 19, ಕುಮಟಾ
ಕನ್ನಡಕ ಬದಲಾಯಿಸಲೆಂದೇ ಹೋದದ್ದು. ಡ್ರಾಪ್ಸ್, ಸ್ಕ್ಯಾನ್. ಹಿಂದೆ ದೊಡ್ಡ ಕಾಯಿಲೆ ಏನಾದರೂ, ಎಂದರು ಡಾಕ್ಟರ್. ಇಲ್ಲ ಎಂದೆ.
ಜೊತೆಗೆ ಬಂದಿದ್ದ ದೇವರಾಜ ಕುರ್ಚಿಯಿಂದ ಎದ್ದರು. "ಅದೆ ಸರ್. ನಾಲ್ಕು ವರ್ಷದ ಹಿಂದೆ ಇವಳಿಗೆ ಎದೆ ಆಪರೇಷನ್ ಆಗಿತ್ತು. ಕ್ಯಾನ್ಸರ್."
"ಅದಕ್ಕೂ ಕಣ್ಣಿಗೂ ಎಂತ?" ಗಂಡನನ್ನು ಗದರಿದೆ.
ಡಾಕ್ಟರ್ ಪರದೆಯನ್ನು ನನ್ನತ್ತ ತಿರುಗಿಸಿದರು.

ಜೂನ್ 20
ಆ ಚಿತ್ರ ಹೋಗುತ್ತಿಲ್ಲ. ಕಿತ್ತಳೆ ಬಣ್ಣದ ಗೋಳ, ಕವಲೊಡೆದ ಕೆಂಪು ಹೊಳೆಗಳು... ಅದು ನನ್ನ ಕಣ್ಣಿನ ಹಿಂಗೋಡೆ ಎಂದರು ಡಾಕ್ಟರ್. ಐವತ್ತು ವರ್ಷ ಲೋಕವೆಲ್ಲ ಅಲ್ಲಿ ಬಂದು ಬಿದ್ದಿದೆ, ಅದನ್ನೇ ನೋಡಿರಲಿಲ್ಲ. ನಡುವೆ ಮಾಸಲು ಹಳದಿ ದಿಬ್ಬ. ಇಳಿತದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮರಳು ಕಾಣಿಸಿಕೊಳ್ಳುವ ಹಾಗೆ. ಎದೆಯಿಂದ ಹೊರಟ ಅದೇ ಕ್ಯಾನ್ಸರ್. ರಕ್ತ ಹೆಚ್ಚು ಹರಿಯುವ ಕಡೆ ತಂಗುತ್ತದಂತೆ. ಇಷ್ಟು ದೂರ, ಕೂದಲೆಳೆಯಂಥ ದಾರಿಗಳಲ್ಲಿ, ಸದ್ದಿಲ್ಲದೆ. ಸಿಟ್ಟು ಬರಬೇಕು. ಬರುತ್ತಿಲ್ಲ.
ರೇಡಿಯೇಷನ್ ಕೊಟ್ಟರೆ ಕರಗಬಹುದು. ಬಿಟ್ಟರೆ ಈ ಕಣ್ಣು ಹೋಗುತ್ತದೆ. ಉಳಿದ ಮೈಯಲ್ಲಿ ಇನ್ನೆಲ್ಲಿದೆ ಎಂಬ ಮಾತು ಮಂಗಳೂರಿನಲ್ಲಿ.

ಜುಲೈ 17
ರೇಡಿಯೇಷನ್ ಮುಗಿಸಿ ವಾಪಸ್. ಬೆನ್ನುಮೂಳೆಯಲ್ಲೂ ಒಂದು ಚುಕ್ಕೆ ಇದೆ. ಮಾತ್ರೆ ಶುರು. ಕಣ್ಣಿನದು ಗೊತ್ತಾಗಲು ವಾರಗಳು ಬೇಕು. ಚೌಕ ಗೆರೆಗಳ ಕಾಗದ ಕೊಟ್ಟು, ಗೆರೆ ಸೊಟ್ಟಗೆ ಕಾಣುತ್ತದೆಯೇ ದಿನಾ ನೋಡಿ ಎಂದಿದ್ದಾರೆ. ಮನೆಯಲ್ಲಿ ಬಲೆಯೇ ಇದೆಯಲ್ಲ.
ಉಬ್ಬು ಮೀನಿನ ಮೂತಿಯ ಹಾಗಿದೆ ಎಂದಿದ್ದಕ್ಕೆ ಅತ್ತೆ ಬಲೆಯ ಆಚೆ ನಿಂತು ಬೆರಳು ತೂರಿಸಿದರು. "ಎಲ್ಲಿ ಅದೆ ನಿನ್ನ ಮೀನು? ಇಲ್ಲಿಯಾ? ಇಲ್ಲಿಯಾ?"
ಬೆರಳು ದಪ್ಪಗೆ, ಸೊಟ್ಟಗೆ ಕಂಡಿತು. "ನೀವು ಎಲ್ಲಿ ಇಟ್ರೂ ಅಲ್ಲೇ ಅದೆ, ಅತ್ತೆ."
"ಹಾಂಗಾರೆ ದೊಡ್ಡದೇ ಬಿದ್ದದೆ." ನಕ್ಕರು. ಬೆರಳು ಮಾತ್ರ ತೆಗೆಯಲಿಲ್ಲ.

ಜುಲೈ 31
ಬಲೆ ಬೋಟಿಗೆ ಹೋಯಿತು. ಜಗಲಿ ಬೋಳು. ಏರಿಸುವ ಮೊದಲು ಅತ್ತೆ ಅದರಿಂದ ಒಂದು ತುಂಡು ಕತ್ತರಿಸಿ ಕಿಟಕಿಗೆ ಕಟ್ಟಿದರು. ದೇವರಾಜ ಹೌಹಾರಿದರು. "ಆಯಿ, ಸರಿ ಇದ್ದ ಬಲೆ."
"ಅಲ್ಲಿ ಬೇರೆ ಕಟ್ಟಿ ಕೊಡ್ತೆ ಮಾರಾಯ. ಇದು ಅವಳಿಗೆ ನೋಡೂಕೆ."

ಆಗಸ್ಟ್ 13
ಇಷ್ಟು ದಿನ ಆ ಕಿಟಕಿಯ ಹತ್ತಿರ ಹೋಗಿರಲಿಲ್ಲ. ಇವತ್ತು ಮಳೆ ಬಿಟ್ಟಿದೆ. ಬಲೆಯ ಹಿಂದೆ ಹೊಳೆ, ಸೇತುವೆ — ಇಷ್ಟೆಲ್ಲ ಬೆಳಕು ಕಣ್ಣಿನ ಎಳ್ಳುಕಾಳಿನಷ್ಟು ಬಾಗಿಲಿನಿಂದ ಒಳಗೆ ಬರುತ್ತದೆ. ಬಲಗಣ್ಣು ಮುಚ್ಚಿದೆ. ಅತ್ತೆಯನ್ನು ಕರೆದೆ. ಅಂಗಳಕ್ಕೆ ಹೋಗಿ ಆಚೆಯಿಂದ ಬೆರಳು ತೂರಿಸಿದರು. ಬೆರಳು. ಉಗುರಿನ ಪಕ್ಕ ದಾರ ಕೊಯ್ದ ಹಳೆಯ ಗೆರೆ, ಅದು ನೇರ. ಸುತ್ತಲಿನ ಚೌಕಗಳೂ ಒಂದೇ ಸಮ.