ಪೆಟ್ರೋಲ್ ಮುಚ್ಚಳದ ತೂತು

ಅಪ್ಪಾ,

ಗ್ಯಾರೇಜಿಗೆ ಹೊರಟೆ. ನಿಮ್ಮ ಹಳೇ ಸ್ಪೋರ್ಟ್ಸ್ ಕಾರಿನ ಕೀ ನನ್ನ ಜೇಬಿನಲ್ಲಿದೆ, ಮನೆಯೆಲ್ಲ ಹುಡುಕಬೇಡಿ.

ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಮೂರು ವಾರ ತಲೆ ಕೆಡಿಸಿಕೊಂಡೆ. ಕಾರ್ಬ್ಯುರೇಟರ್ ತೊಳೆದೆ, ಕಾಯಿಲ್ ಬದಲಾಯಿಸಿದೆ, ಪೆಟ್ರೋಲ್ ಪಂಪ್ ಬಿಚ್ಚಿದೆ. ನಾನು ಹಾವು ಬಿಟ್ಟು ಹುತ್ತ ಬಡಿಯುತ್ತಿದ್ದರೆ ನೀವು ಪಕ್ಕದಲ್ಲೇ ಟಾರ್ಚ್ ಹಿಡಿದು ನಿಂತು, "ಗಾಡಿಗೆ ವಯಸ್ಸಾಯ್ತು ಕಣಮ್ಮ" ಅಂದಿರಲ್ಲ!

ನಿನ್ನೆ ನಾಲ್ಕು ರಸ್ತೆ ಸೇರುವಲ್ಲಿ ನಿಂತಿತು. ಪೆಟ್ರೋಲ್ ಇದೆಯಾ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು, ಮರುಕ್ಷಣ ಸ್ಟಾರ್ಟ್! ಮುಚ್ಚಳ ಮಗುಚಿ ನೋಡಿದರೆ ಗಾಳಿ ಹೋಗುವ ತೂತಿಗೆ ಕಪ್ಪು ಅಂಟು. ನಿಮ್ಮ ಕನ್ನಡಕದ ಕಡ್ಡಿಗೆ ಮೆತ್ತಿರುವ ಅದೇ ಅಂಟು. ಒಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಹೊರಗೆ ಹೇಗೆ ಬರಬೇಕು? ಮೂರು ವಾರ ಬಾಯಿಗೂ ಅದನ್ನೇ ಹಚ್ಚಿಕೊಂಡಿದ್ದಿರಾ?

ಹೊಸ ಮುಚ್ಚಳ ತರುತ್ತೇನೆ. ಅಲ್ಲಿಯವರೆಗೆ ಕಾರನ್ನು ಒರೆಸುವುದಕ್ಕೂ ಹೋಗಬೇಡಿ. ಅಂಟಿನ ಟ್ಯೂಬು ಕಸದ ಬುಟ್ಟಿಯಲ್ಲಿದೆ, ಎತ್ತಿಟ್ಟುಕೊಳ್ಳಬೇಡಿ.

ಯಾಕೆ ಮುಚ್ಚಿದಿರಿ ಅಂತಲೂ ಗೊತ್ತು. ಪೆಟ್ರೋಲ್ ವಾಸನೆಗೆ ಅಮ್ಮನಿಗೆ ತಲೆ ಸುತ್ತುತ್ತಿತ್ತು. ನಿನ್ನೆ ಕಾರು ನಿಂತು, ಹಿಂದೆ ಬರುತ್ತಿದ್ದ ಲಾರಿ ಕಿರುಚಿಕೊಂಡು ಬ್ರೇಕ್ ಹಾಕಿದಾಗ ಪಕ್ಕದ ಸೀಟಿನಲ್ಲಿದ್ದವಳು ಅವಳೇ. "ನಿಮ್ಮಪ್ಪಂಗೆ ಹೇಳ್ಬೇಡ, ನೊಂದ್ಕೋತಾರೆ" ಅಂದಳು.

ಹೇಳಿದ್ದೇನೆ. ನೊಂದುಕೊಳ್ಳಿ.