ನಿನ್ನ ಸ್ಕ್ಯಾನ್ ನೋಡಿದೆವು

ಅಣ್ಣಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಅಮ್ಮನೂ ನಾನೂ ಆ ಆಸ್ಪತ್ರೆಗೆ ಹೋಗಿದ್ದೆವು. ಸ್ಕಿಜೋಫ್ರೇನಿಯಾ ಸಂಶೋಧನೆಗೆಂದು ನಿನ್ನ ಮೆದುಳಿನ ಸ್ಕ್ಯಾನ್ ಮಾಡಿದ್ದ ಡಾಕ್ಟರು ಅದನ್ನು ತೋರಿಸಿದರು. ದನಿ ಕೇಳಿಸಿದಾಗಲೆಲ್ಲ ನೀನು ಗುಂಡಿ ಒತ್ತಬೇಕಿತ್ತಂತೆ. ನೀನು ಒತ್ತಿದಾಗಲೆಲ್ಲ, ಯಾರೂ ಮಾತಾಡದಿದ್ದರೂ, ಮಾತು ಕೇಳುವಾಗ ಚುರುಕಾಗುವ ಭಾಗವೇ ಚುರುಕಾಗಿದೆ.

“ಅಂದ್ರೆ ಅವನು ನಾಟಕ ಮಾಡ್ತಿರ್ಲಿಲ್ಲ?” ಎಂದಳು ಅಮ್ಮ.

“ಇಲ್ಲಮ್ಮ. ಅವರಿಗೆ ನಿಜವಾಗ್ಲೂ ಕೇಳಿಸ್ತಿತ್ತು,” ಎಂದರು ಡಾಕ್ಟರು.

ಅಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. “ಆ ದನಿ ಏನು ಹೇಳ್ತಿತ್ತು ಡಾಕ್ಟ್ರೇ? ಇದ್ರಲ್ಲಿ ಗೊತ್ತಾಗುತ್ತಾ?”

“ಇದ್ರಲ್ಲಿ ಅದೆಲ್ಲ ಗೊತ್ತಾಗಲ್ಲಮ್ಮ. ಮನೇಲಿ ನಿಮ್ಮ ಹತ್ರ ಹೇಳಿರ್ತಾರಲ್ಲ?”

ಅಮ್ಮ ತಿರುಗಿ ನನ್ನ ಮುಖ ನೋಡಿದಳು. ನೀನು ಹೇಳಲು ಬಂದಾಗಲೆಲ್ಲ ‘ನಾಟಕ ಸಾಕು’ ಎಂದು ಎದ್ದುಹೋಗುತ್ತಿದ್ದೆವಲ್ಲ ನಾವಿಬ್ಬರೂ.

“ಬಸ್ಸಿಗೆ ಹೊತ್ತಾಯ್ತಮ್ಮ, ಏಳು,” ಎಂದೆ.